“ಕಲರ್ ಕಮ್ಮಿ” ಅನ್ನೋ ಮಾತು, ನನ್ನ ಅಂಗಡಿಯ ಕನ್ನಡಿ

ಫ್ಯಾನ್ಸಿ ಅಂಗಡಿಯಾಕೆ, ಮೂಡಿಗೆರೆ

ಹನ್ನೊಂದು ವರ್ಷದಿಂದ ಮೂಡಿಗೆರೆಯಲ್ಲಿ ಫ್ಯಾನ್ಸಿ ಸ್ಟೋರ್ ನಡೆಸ್ತಿದ್ದೀನಿ. ಬಳೆ, ಸ್ಟಿಕ್ಕರ್, ಕ್ಲಿಪ್ಪು, ಶಾಂಪೂ ಪ್ಯಾಕೆಟ್ಟು, ಕ್ರೀಮು. ಹೋದ ವಾರ ನಡೆದದ್ದು ಮನಸ್ಸಿಂದ ಹೋಗ್ತಿಲ್ಲ. ಅದಕ್ಕೇ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಬಟವಾಡೆ ದಿನ ಸಂಜೆ ಎಸ್ಟೇಟ್ ಲೈನಿನ, ಅಂದ್ರೆ ಕಾಫಿ ತೋಟದ ಕೂಲಿಯವರ ಸಾಲು ಮನೆಯ ಹುಡುಗಿಯೊಬ್ಬಳು ಬಂದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಎರಡು ವರ್ಷದಿಂದ ನನ್ನ ಹತ್ತಿರವೇ ಹತ್ತು ರೂಪಾಯಿ ಕ್ರೀಮಿನ ಪ್ಯಾಕೆಟ್ ತಗೊಳ್ತಿದ್ದಳು. ಈ ಸಲ ವೇಲನ್ನ ಮೂಗಿನ ತನಕ ಸುತ್ತಿಕೊಂಡಿದ್ದಳು. ಶೀತವೇನೋ ಅಂದ್ಕೊಂಡೆ. ತೆಗೆದು ತೋರಿಸಿದಾಗ ಎದೆ ಧಸಕ್ಕಂತು. ಎರಡೂ ಕೆನ್ನೆ ಕೆಂಪಗೆ. ಬಿಸಿಲಿಗೆ ಆಗೋ ಕೆಂಪಲ್ಲ. ಚರ್ಮ ತೆಳುವಾಗಿ, ಒಳಗಿನ ರಕ್ತನಾಳ ಎಳೆಎಳೆಯಾಗಿ ಕಾಣ್ತಿತ್ತು. ಗದ್ದದ ಬದಿಯಲ್ಲಿ ಸಣ್ಣ ಕೂದಲು, ಹಣೆ ತುಂಬ ಮೊಡವೆ.

“ಅಕ್ಕ, ನಿಮ್ಮ ಅಂಗಡೀದು ನಿಧಾನ. ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ರು, ಹದಿನೈದೇ ದಿನಕ್ಕೆ ಬೆಳ್ಳಗಾದೆ. ಈಗ ಹಚ್ಚೋದು ಬಿಟ್ರೆ ಉರಿ ತಡಿಯಕ್ಕಾಗಲ್ಲ. ಇದನ್ನ ಮುಚ್ಚೋಕೆ ಏನಾದ್ರೂ ಕೊಡಿ” ಅಂದಳು. ಸದ್ಯದಲ್ಲೇ ಗಂಡಿನ ಕಡೆಯವರು ಬರ್ತಾರಂತೆ. ಈ ಹಿಂದೆ ಒಂದು ಕಡೆಯವರು ಬಂದು ತಿಂಡಿ ತಿಂದು ಹೋಗಿ, ಆಮೇಲೆ ಫೋನಿನಲ್ಲಿ “ಹುಡುಗಿ ಲಕ್ಷಣವಾಗಿದ್ದಾಳೆ, ಕಲರ್ ಸ್ವಲ್ಪ ಕಮ್ಮಿ” ಅಂದಿದ್ದರಂತೆ.

ಕಲರ್ ಕಮ್ಮಿ. ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ, ಎಷ್ಟು ಸಲ ಆಡಿದ್ದೀನೋ. ಅವತ್ತು ರಾತ್ರಿ ಮಲಗಿದಾಗ ಅದರ ಅರ್ಥ ಚುಚ್ಚಿತು. ಕಲರ್ ಅಂದ್ರೆ ಬಣ್ಣ ತಾನೇ? ಕಪ್ಪು ಚರ್ಮದಲ್ಲಿ ಬಣ್ಣ ಜಾಸ್ತಿ ಇರುತ್ತೆ. ನಮ್ಮ ಬಾಯಲ್ಲಿ ಕಲರ್ ಅಂದ್ರೆ ಬಿಳಿ ಅಂತಾಗಿಬಿಟ್ಟಿದೆ, ಕಪ್ಪು ಅನ್ನೋದು ಬಣ್ಣಗಳ ಲೆಕ್ಕದಲ್ಲೇ ಇಲ್ಲ. “ಲಕ್ಷಣವಾಗಿದ್ದಾಳೆ” ಅನ್ನೋ ಮಾತು ನಮ್ಮಜ್ಜಿ ಕಾಲದಲ್ಲಿ ಪೂರ್ತಿ ವಾಕ್ಯ. ಕಣ್ಣು, ಮೂಗು, ನಡಿಗೆ, ಮಾತು ಎಲ್ಲಾ ಅದರಲ್ಲಿ ಬರ್ತಿತ್ತು. ಈಗ ಅದರ ಹಿಂದೇನೇ ಒಂದು “ಆದ್ರೆ” ಬರುತ್ತೆ.

ಇನ್ನೊಂದು ವಿಷಯ ಹೇಳಬೇಕು, ಇದು ನನ್ನದೇ ಅಂಗಡೀದು. ಕೌಂಟರ್ ಪಕ್ಕ ಕ್ರೀಮಿನ ಪ್ಯಾಕೆಟ್ಟುಗಳು ಸರದ ಹಾಗೆ ನೇತಾಡ್ತಾವೆ. ನಾಲ್ಕು ವರ್ಷದ ಹಿಂದೆ ಒಂದು ಕಂಪನಿಯ ಸೇಲ್ಸ್ ಹುಡುಗ ಬಂದು ಆ ಸರದ ಪಕ್ಕದಲ್ಲೇ ಅಂಗೈಯಗಲದ ಕನ್ನಡಿಯೊಂದನ್ನ ಅಂಟಿಸಿ ಹೋದ. ಪುಕ್ಕಟೆ ಸಿಕ್ತಲ್ಲ ಅಂತ ಖುಷಿಯಾಯ್ತು ನನಗೆ. ಕನ್ನಡಿ ಮೇಲೆ ಮಾಡೆಲ್ ಮುಖ, ಕೆಳಗೆ ಕಂಪನಿ ಹೆಸರು. ಎತ್ತರ ಎಷ್ಟು ಗೊತ್ತಾ? ಐದಡಿ ಹೆಂಗಸಿನ ಕಣ್ಣಿಗೆ ಸರಿಯಾಗಿ. ಕ್ಲಿಪ್ ತಗೊಳ್ಳೋಕೆ ಬಂದವಳು ಮೊದಲು ಆ ಮಾಡೆಲ್ ನೋಡ್ತಾಳೆ, ಕೆಳಗೆ ತನ್ನ ಮುಖ ನೋಡ್ಕೊಳ್ತಾಳೆ, ಕೈ ತಾನಾಗೇ ಪಕ್ಕದ ಸರಕ್ಕೆ ಹೋಗುತ್ತೆ. ಇಷ್ಟು ವರ್ಷ ಕಣ್ಣೆದುರೇ ನಡೀತಿದ್ರೂ ನನಗೆ ಹೊಳೆದಿರಲಿಲ್ಲ.

ಜಾಹೀರಾತು ಬರೋಕೆ ಮುಂಚೆ ನಮ್ಮಲ್ಲಿ ಬಣ್ಣದ ತಾರತಮ್ಯ ಇರಲಿಲ್ಲ ಅಂತ ನಾನು ಹೇಳಲ್ಲ. ಇತ್ತು. ಹೆಣ್ಣು ನೋಡೋ ಶಾಸ್ತ್ರದಲ್ಲಿತ್ತು, ಅತ್ತೆ ಮನೆ ಮಾತಿನಲ್ಲಿತ್ತು. ಆದ್ರೆ ಅದು ವರ್ಷಕ್ಕೊಂದು ಸಲ, ಮದುವೆ ಮನೆಯಲ್ಲಿ ಚುಚ್ಚೋ ಮಾತಾಗಿತ್ತು. ಅದನ್ನ ದಿನಾ ಬೆಳಗ್ಗೆ ಎದ್ದು ಹಚ್ಚಿಕೊಳ್ಳೋ ಚಿಂತೆಯಾಗಿ, ತಿಂಗಳ ಖರ್ಚಾಗಿ ಮಾಡಿದ್ದು ಈ ವ್ಯಾಪಾರ. ಅದರ ಕೊನೆಯ ಕೈ ನನ್ನದು.

ಈಗ ನನ್ನ ಪ್ರಶ್ನೆ. ಬೆಳ್ಳಗಾಗೋ ಕ್ರೀಮನ್ನೆಲ್ಲ ಅಂಗಡಿಯಿಂದ ತೆಗೀಬೇಕು ಅನ್ನಿಸ್ತಿದೆ. ಮನೆಯವರು “ನೀನು ಕೊಡದಿದ್ರೆ ಎದುರಿಗಿನ ಅಂಗಡಿಯಲ್ಲಿ ತಗೊಳ್ತಾರೆ” ಅಂತಾರೆ. ಅದೂ ನಿಜ. ತಿಳಿದವರು ಹೇಳಿ. ಆ ಹುಡುಗಿಗೆ ಏನು ಮಾಡಬೇಕು ಅಂತಾನೂ ಹೇಳಿ.

—

ಚರ್ಮರೋಗ ವಾರ್ಡಿನ ನರ್ಸ್, ಹಾಸನ

ಅಕ್ಕ, ಮೊದಲು ಹುಡುಗಿ ವಿಷಯ. ನೀವು ಬರೆದಿರೋದು ಓದಿದ್ರೆ ಅದು ಸ್ಟೀರಾಯ್ಡ್ ಕ್ರೀಮಿನ ಕೆಲಸದ ಹಾಗಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಥರದ ಒಂದು ಸ್ಟೀರಾಯ್ಡ್, ಈ ಮೂರೂ ಸೇರಿರೋ ಟ್ಯೂಬುಗಳಿವೆ. ಬಂಗು ಬಂದವರಿಗೆ ಡಾಕ್ಟರು ಕೆಲವೇ ವಾರಕ್ಕೆ ಅಂತ ಬರೆದುಕೊಡೋ ಔಷಧಿ ಅದು. ಅದನ್ನ ಬೆಳ್ಳಗಾಗೋ ಕ್ರೀಮು ಅಂತ ತಿಂಗಳುಗಟ್ಟಲೆ ಹಚ್ಚಿದ್ರೆ ನೀವು ಕಂಡದ್ದೇ ಆಗೋದು: ಚರ್ಮ ತೆಳುವಾಗುತ್ತೆ, ರಕ್ತನಾಳ ಎದ್ದು ಕಾಣುತ್ತೆ, ಕೂದಲು, ಮೊಡವೆ, ಬಿಸಿಲಿಗೆ ಹೋದ್ರೆ ಉರಿ. ಇಂಥ ಮುಖಗಳು ಎಷ್ಟು ಬರ್ತಾವೆ ಅಂದ್ರೆ ನಮ್ಮ ದೇಶದ ಚರ್ಮ ವೈದ್ಯರು ಇದಕ್ಕೆ “ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ” ಅಂತಾನೇ ಹೆಸರಿಟ್ಟಿದ್ದಾರೆ. ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಆದ್ರೂ ಕೊಡ್ತಾರೆ.

ಇನ್ನೊಂದು, ಪಾದರಸ. ತಯಾರಕರ ವಿಳಾಸ ಇಲ್ಲದ, ಹೊರಗಿನಿಂದ ಬರೋ ಕೆಲವು ಡಬ್ಬಿಗಳಲ್ಲಿ ಅದಿರುತ್ತೆ. ಚರ್ಮದ ಬಣ್ಣ ತಯಾರಾಗೋದನ್ನೇ ಅದು ತಡೀತದೆ, ಅದಕ್ಕೇ ಬೇಗ ಬೆಳ್ಳಗಾಗೋದು. ಆಮೇಲೆ ಚರ್ಮದಿಂದ ಒಳಗಿಳಿದು ಕಿಡ್ನಿ ಹಿಡೀತದೆ. ಕಾಲು ಊದಿಕೊಂಡು, ಮೂತ್ರದಲ್ಲಿ ನೊರೆ ಬಂದು ಆಸ್ಪತ್ರೆಗೆ ಬಂದವರನ್ನ ವಿಚಾರಿಸಿದ್ರೆ ಮೂಲ ಮುಖದ ಕ್ರೀಮು ಅಂತ ಗೊತ್ತಾಗಿರೋ ಪ್ರಕರಣಗಳು ಪಕ್ಕದ ಕೇರಳದಲ್ಲೇ ವರದಿಯಾಗಿವೆ. ನಮ್ಮ 2020ರ ಸೌಂದರ್ಯವರ್ಧಕ ನಿಯಮದಲ್ಲಿ ಮುಖದ ಕ್ರೀಮಿಗೆ ಬೇಕಂತ ಪಾದರಸ ಹಾಕೋ ಹಾಗೇ ಇಲ್ಲ. ತಾನಾಗೇ ಸೇರಿದ್ರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು. ಇಂಥ ಡಬ್ಬಿ ನಿಮ್ಮ ಅಂಗಡಿಯಲ್ಲಿದ್ರೆ ಯೋಚನೇನೇ ಮಾಡಬೇಡಿ, ಇವತ್ತೇ ತೆಗೀರಿ.

ನಿಮ್ಮ ಹತ್ತು ರೂಪಾಯಿ ಪ್ಯಾಕೆಟ್ಟಿನ ಮಾತು ಬೇರೆ. ಅದರಲ್ಲಿ ಸಾಮಾನ್ಯವಾಗಿ ನಿಯಾಸಿನಮೈಡು, ಬಿಸಿಲು ತಡೆಯೋ ಅಂಶ ಇರುತ್ತೆ. ಬಿಸಿಲಿಗೆ ಕಂದಿದ್ದು ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೇ. ಬರೋರಿಗೆ ಒಂದು ಮಾತು ಹೇಳಿ: ನಿಮ್ಮ ತೋಳಿನ ಒಳಭಾಗ ನೋಡ್ಕೊಳ್ಳಿ. ಬಿಸಿಲು ಬೀಳದ ಆ ಜಾಗದ ಬಣ್ಣವೇ ನಿಮ್ಮ ಹುಟ್ಟಿನ ಬಣ್ಣ. ಯಾವ ಕ್ರೀಮೂ ನ್ಯಾಯವಾಗಿ ಅದನ್ನ ದಾಟಿಸಲ್ಲ.

—

ಲೈನ್ ಮನೇಲಿ ಬೆಳೆದವನು, ಆಲ್ದೂರು

ನಮ್ಮವ್ವ ಮೂವತ್ತು ವರ್ಷ ಕಾಫಿ ಕಣದಲ್ಲಿ ದುಡಿದೋಳು. ಹಣ್ಣು ಕುಯ್ಯೋವಾಗಾದ್ರೂ ಮರದ ನೆರಳಿರುತ್ತೆ. ಕಣದಲ್ಲಿ ನೆರಳಿಲ್ಲ. ಜನವರಿ ಬಿಸಿಲಲ್ಲಿ ಬೆಳಗಿಂದ ಸಂಜೆ ತನಕ ಕಾಫಿ ಕೈಯಾಡಿಸ್ತಾ ಇರಬೇಕು. ಸಿಮೆಂಟಿನ ಕಾವು ಕೆಳಗಿಂದ, ಬಿಸಿಲು ಮೇಲಿಂದ. ಅವಳ ಮುಖದ ಬಣ್ಣ ಅವಳು ಮಾಡಿದ ಕೆಲಸದ ಬಣ್ಣ. ಟಿವಿ ಜಾಹೀರಾತಿನ ಹುಡುಗಿ ಕ್ರೀಮ್ ಹಚ್ಚಿದ ಮೇಲೆ ಎಸಿ ಆಫೀಸಿಗೆ ಹೋಗ್ತಾಳೆ, ವಿಮಾನ ಹತ್ತುತಾಳೆ. ಕ್ರೀಮ್ ಹಚ್ಚಿ ಕಣಕ್ಕೆ ಹೋದ ಹುಡುಗಿಯನ್ನ ನಾನು ಒಂದು ಜಾಹೀರಾತಿನಲ್ಲೂ ನೋಡಿಲ್ಲ.

ಇನ್ನೊಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. “ಕಲರ್ ಕಮ್ಮಿ” ಅನ್ನೋದರಲ್ಲಿ ಜಾತಿಯೂ ಅಡಗಿದೆ. “ನಿಮ್ಮವರ ಥರ ಕಾಣಲ್ಲ ನೀನು” ಅಂತ ನನ್ನ ತಂಗಿಗೆ ಹೊಗಳಿಕೆ ಅಂತಲೇ ಹೇಳ್ತಿದ್ರು. ಆ ಹೊಗಳಿಕೆಯ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

—

ನಿವೃತ್ತ ಮೇಷ್ಟ್ರು, ಬೇಲೂರು

ತಾಯಿ, ನಿಮ್ಮ ಕನ್ನಡಿಯ ಮಾತು ಓದಿ ನನಗೆ ನಮ್ಮೂರಿನ ದರ್ಪಣಸುಂದರಿ ನೆನಪಾದಳು. ಮೂವತ್ತು ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯಲ್ಲಿ ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು ಮದನಿಕೆಯರು. ಕಡೆದದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಒಂಬೈನೂರು ವರ್ಷಗಳಿಂದ ಆಕೆ ಅಲ್ಲಿ ಕನ್ನಡಿ ಹಿಡಿದು ತನ್ನ ಮುಖ ನೋಡಿಕೊಳ್ಳುತ್ತಿದ್ದಾಳೆ, ಎಣ್ಣೆಗಪ್ಪಾಗಿ ಹೊಳೆಯುತ್ತಾ. ಒಂದು ಸಲ ಏಳನೇ ಕ್ಲಾಸಿನ ಹುಡುಗಿಯೊಬ್ಬಳು “ಸಾರ್, ಇವಳು ಕಪ್ಪಗಿದ್ದಾಳೆ, ಮತ್ತೆ ಸುಂದರಿ ಅಂತ ಯಾಕೆ ಕರೀತಾರೆ?” ಎಂದು ಕೇಳಿದಳು. ಅದು ಟಿವಿ ಮನೆಮನೆಗೆ ಬಂದಿದ್ದ ಕಾಲ. ಆ ಪ್ರಶ್ನೆಗೆ ಅಂದು ನಾನು ಕಲ್ಲಿನ ಬಗ್ಗೆ ಪಾಠ ಮಾಡಿದೆ. ಮಗು ಕೇಳಿದ್ದು ಕಲ್ಲಿನ ಬಗ್ಗೆ ಅಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹಾಗೆಂದು ಹಳೆಯ ಕಾಲವೇ ಚೆಂದವಿತ್ತು ಎಂದು ನಾನು ವಾದಿಸುವುದಿಲ್ಲ. ಆ ಮದನಿಕೆಯರ ತೆಳು ನಡು, ತುಂಬಿದೆದೆ ಕೂಡ ಒಂದು ಅಳತೆಯೇ, ಕಡೆದವರು ಗಂಡಸರೇ. ದಾಸೋಜ, ಚಾವಣ ಎಂದು ಕೆಲವರು ಹೆಸರನ್ನೂ ಕೆತ್ತಿ ಹೋಗಿದ್ದಾರೆ. ಆದರೆ ಗುಡಿಗೆ ಬಂದ ರೈತ ಹೆಂಗಸಿಗೆ ನೀನೂ ಹೀಗಾಗು, ಇಷ್ಟು ದುಡ್ಡು ಕೊಡು ಎಂದು ಯಾವ ಮದನಿಕೆಯೂ ಹೇಳುತ್ತಿರಲಿಲ್ಲ. ಊಟ ತನ್ನಿಚ್ಛೆ ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲಿದೆ. ಆ ಪರರು ಹಿಂದೆ ಊರಿನವರಾಗಿದ್ದರು, ಮುಖ ಪರಿಚಯವಿದ್ದವರು. ಇಂದಿನ ಪರರು ಯಾರು, ಎಲ್ಲಿ ಕೂತು ನಮ್ಮ ನೋಟವನ್ನು ನಿಶ್ಚಯಿಸುತ್ತಾರೆ ಎಂದು ನಮಗೆ ಕಾಣುವುದೇ ಇಲ್ಲ.

—

ಪಾರ್ಲರ್ ನಡೆಸುವವಳು, ಹಾಸನ

ಎಲ್ಲ ಓದಿದೆ. ಒಂದು ಮಾತು ಒಪ್ಪಲ್ಲ. ಅಲಂಕಾರ ಮಾಡ್ಕೊಳ್ಳೋ ಹೆಂಗಸು ಅಂದ್ರೆ ಜಾಹೀರಾತಿಗೆ ಮರುಳಾದವಳು ಅನ್ನೋ ಹಾಗೆ ಮಾತು ಹೋಗ್ತಿದೆ. ಗಂಡ ತೀರಿಕೊಂಡ ಮೇಲೆ ಈ ಪಾರ್ಲರೇ ನನಗೂ ನನ್ನ ಇಬ್ಬರು ಮಕ್ಕಳಿಗೂ ಅನ್ನ ಹಾಕಿದ್ದು. ನನ್ನ ಹತ್ತಿರ ಹುಬ್ಬು ತೆಗೆಸೋಕೆ ಬರೋ ಎಷ್ಟೋ ಜನರಿಗೆ ಆ ಇಪ್ಪತ್ತು ನಿಮಿಷವೇ ದಿನದಲ್ಲಿ ಯಾರೂ “ಅಮ್ಮಾ” ಅಂತ ಕೂಗದ ಹೊತ್ತು. ತಲೆಗೆ ಎಣ್ಣೆ ತಿಕ್ಕಿದ್ರೆ ಕಣ್ಣಲ್ಲಿ ನೀರು ಬಂದವರಿದ್ದಾರೆ, ಮದುವೆಯಾದ ಮೇಲೆ ಯಾರೂ ತಲೆ ಮುಟ್ಟಿರಲಿಲ್ಲ ಅಂತ. ಮಲ್ಲಿಗೆ ಮುಡಿಯೋದು, ಕಾಡಿಗೆ ಹಚ್ಚೋದು ನಮಗೆ ಕಂಪನಿ ಕಲಿಸಿದ್ದಲ್ಲ. ಆ ಸಂತೋಷವನ್ನ ದಯವಿಟ್ಟು ಕಿತ್ಕೋಬೇಡಿ.

ಆದ್ರೆ ಅಂಗಡಿ ಅಕ್ಕನ ನೋವು ನನಗೆ ಅರ್ಥ ಆಗುತ್ತೆ. ಮದುಮಗಳ ಮೇಕಪ್ಪಿಗೆ ಕೂತಾಗ ಹುಡುಗಿ ಸುಮ್ಮನಿರ್ತಾಳೆ. ಹಿಂದೆ ನಿಂತ ಚಿಕ್ಕಮ್ಮನೋ ಅತ್ತಿಗೆಯೋ “ಇನ್ನೊಂಚೂರು ಬೆಳ್ಳಗೆ ಮಾಡಿ” ಅಂತಾರೆ. ಅವಳ ಚರ್ಮಕ್ಕಿಂತ ಎರಡು ಶೇಡ್ ಬಿಳಿ ಫೌಂಡೇಶನ್ ಹಾಕಬೇಕಾಗುತ್ತೆ. ಮುಖ ಒಂದು ಬಣ್ಣ, ಧಾರೆ ಎರೆಯೋವಾಗ ಮುಂದೆ ಚಾಚೋ ಕೈ ಇನ್ನೊಂದು ಬಣ್ಣ. ಆಮೇಲೆ ಕೈಗೂ ಬಳಿ ಅಂತಾರೆ. ಕಪ್ಪು ಚರ್ಮಕ್ಕೆ ಹೊಂದೋ ಶೇಡ್ ನಮ್ಮೂರಿನ ಅಂಗಡಿಗಳಿಗೆ ಎಷ್ಟೋ ವರ್ಷ ಬರ್ತಾನೇ ಇರಲಿಲ್ಲ. ನಮ್ಮ ಜನರ ಚರ್ಮ ನೋಡಿ ತಯಾರಿಸಿದ ಸಾಮಾನಲ್ಲ ಅದು.

—

ಮದುವೆ ಫೋಟೋಗ್ರಾಫರ್, ಚಿಕ್ಕಮಗಳೂರು

ಪಾರ್ಲರ್ ಮೇಡಂ ಹೇಳಿದ್ದು ಸತ್ಯ. ಅಲ್ಲಿಂದ ನಮ್ಮ ಹತ್ತಿರ ಬರ್ತಾರೆ, ಆಲ್ಬಮ್‌ನಲ್ಲಿ ಇನ್ನಷ್ಟು ಬೆಳ್ಳಗೆ ಮಾಡಿ ಅಂತ. ನಮ್ಮ ಕಸುಬಿನ ಹಳೇ ಕಥೆ ಒಂದಿದೆ. ಫಿಲ್ಮ್ ಕಾಲದಲ್ಲಿ ಲ್ಯಾಬಿನವರು ಬಣ್ಣ ಸರಿ ಮಾಡೋಕೆ ಕೊಡಕ್ ಕಂಪನಿ ಕಳಿಸಿದ ಒಂದು ಫೋಟೋ ಇಟ್ಕೊಳ್ತಿದ್ರು. ಅದರಲ್ಲಿ ಬಿಳಿ ಹೆಂಗಸಿನ ಚಿತ್ರ, “ಶರ್ಲಿ ಕಾರ್ಡ್” ಅಂತ ಹೆಸರು. ಅವಳ ಮುಖ ಸರಿ ಬಂದ್ರೆ ಎಲ್ಲಾ ಸರಿ. ಕಪ್ಪು ಮುಖಗಳು ಮಸಿ ಮೆತ್ತಿದ ಹಾಗೆ ಬಂದ್ರೆ “ಹುಡುಗಿ ಕಪ್ಪು, ಫೋಟೋ ಚೆನ್ನಾಗಿ ಬರಲ್ಲ” ಅಂತಿದ್ವಿ. ತಪ್ಪು ಫಿಲ್ಮಿನದು. ಈಗ ಮೊಬೈಲಿನ ಬ್ಯೂಟಿ ಮೋಡು ಅದನ್ನೇ ಕೇಳದೆ ಮಾಡುತ್ತೆ, ಮೂಗು ಸಣ್ಣ ಮಾಡಿ ಕಣ್ಣು ದೊಡ್ಡ ಮಾಡುತ್ತೆ. ಹೋದ ವರ್ಷ ಒಬ್ಬಳು ಅಜ್ಜಿ ಮೊಮ್ಮಗಳ ಆಲ್ಬಮ್ ತಿರುವಿ ಹಾಕಿ “ಇದ್ಯಾರಪ್ಪ?” ಅಂದ್ರು. ಅವತ್ತಿಂದ ನಾನು ಮೈಬಣ್ಣ ಮುಟ್ಟೋದು ಬಿಟ್ಟಿದ್ದೀನಿ. ಇಬ್ಬರು ಗಿರಾಕಿಗಳು ಹೋದರು, ಹೋಗಲಿ.

—

ಕಾಲೇಜ್ ಹುಡುಗಿ, ಹಾಸನ

ನಮ್ಮ ವಯಸ್ಸಿನವರು “ಫೇರ್‌ನೆಸ್” ಅನ್ನೋ ಪದ ಕೇಳಿದ್ರೆ ಮುಖ ಸಿಂಡರಿಸ್ತೀವಿ. ಅದೆಲ್ಲ ಹಳೇದು ಅಂತೀವಿ. ಆದ್ರೆ ನನ್ನ ತಂಗಿಗೆ ಹನ್ನೆರಡು ವರ್ಷ. ರೀಲ್ಸ್ ನೋಡಿ ಗಾಜಿನ ಹಾಗೆ ಹೊಳೆಯೋ ಚರ್ಮ ಬೇಕು ಅಂತ ಸೀರಮ್ಮಿಗೆ ದುಡ್ಡು ಕೂಡಿಡ್ತಾಳೆ. ಮೊನ್ನೆ ನನ್ನ ಹತ್ತಿರ ಬಂದು “ಅಕ್ಕ, ನನಗೆ ಮೊಣಕೈಲಿ ಪಿಗ್ಮೆಂಟೇಶನ್ ಇದೆ” ಅಂದಳು. ಮೊಣಕೈ ಯಾರದ್ದಾದ್ರೂ ಸ್ವಲ್ಪ ಕಪ್ಪೇ ಅಲ್ವಾ? ನಮ್ಮಮ್ಮನಿಗೆ ಬರೀ ಮುಖದ ಚಿಂತೆ ಇತ್ತು. ನನಗೆ ಕಂಕುಳು, ಕುತ್ತಿಗೆ ಸೇರಿಕೊಂಡವು. ತಂಗಿಗೆ ಮೊಣಕೈ, ತುಟಿ, ಮೂಗಿನ ಮೇಲಿನ ರಂಧ್ರಗಳು. ಪ್ರತಿ ಸಲ ಹೊಸ ಜಾಗ ಹುಡುಕ್ತಾರೆ, ಅದಕ್ಕೊಂದು ರೋಗದ ಹೆಸರಿಡ್ತಾರೆ, ಆಮೇಲೆ ಅದಕ್ಕೊಂದು ಬಾಟಲಿ. ಹೇಳೋರು ಮಾಡೆಲ್ ಥರ ದೂರ ಇರಲ್ಲ, ಗೆಳತಿ ಥರ ರೂಮಿನಲ್ಲಿ ಕೂತು ಮಾತಾಡ್ತಾರೆ. ದುಡ್ಡು ಪಡೆದು ಹೇಳ್ತಿದ್ದಾರೆ ಅಂತ ಮಕ್ಕಳಿಗೆ ಗೊತ್ತೇ ಆಗಲ್ಲ.

—

ವಕೀಲೆ, ಹಾಸನ

ಕಾನೂನಿನ ಮಾತು ಇಲ್ಲಿ ಸ್ವಲ್ಪ ಬೇಕು ಅನ್ನಿಸಿತು.

ದುಡ್ಡು ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಎದ್ದು ಕಾಣುವ ಹಾಗೆ ಹೇಳಲೇಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಕಪ್ಪಗಿರುವವರನ್ನು ಅಸುಖಿಗಳಂತೆ, ಮದುವೆಯಲ್ಲಿ, ಕೆಲಸದಲ್ಲಿ ಹಿಂದೆ ಬಿದ್ದವರಂತೆ ತೋರಿಸಬಾರದು ಎಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲೇ ಹೇಳಿದೆ. ಆದರೆ ಅದು ಜಾಹೀರಾತು ಕ್ಷೇತ್ರದವರೇ 1985ರಲ್ಲಿ ಕಟ್ಟಿಕೊಂಡ ಸಂಸ್ಥೆ, ಸರ್ಕಾರದ್ದಲ್ಲ. ಇಂಥಿಂಥದ್ದಕ್ಕೆ ಔಷಧಿ ಎಂದು ಜಾಹೀರಾತು ಕೊಡಬಾರದು ಎನ್ನುವ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಗೆ ಚರ್ಮ ಬೆಳ್ಳಗಾಗಿಸುವುದನ್ನೂ ಸೇರಿಸುವ ಕರಡನ್ನು ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿತು. ಅದೇ ವರ್ಷ, 1975ರಿಂದ ಮಾರಾಟದಲ್ಲಿದ್ದ ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಒಂದು ವಿವಾಹ ಜಾಲತಾಣ ಮೈಬಣ್ಣದ ಮೇಲೆ ಹುಡುಕುವ ಸೌಲಭ್ಯ ತೆಗೆಯಿತು. ಕಾನೂನಿನ ಹಿಡಿತಕ್ಕೆ ಸಿಗುವುದು ಸುಳ್ಳು ಭರವಸೆ. “ಗ್ಲೋ”, ಅಂದರೆ “ಹೊಳಪು” ಎಂಬ ಪದದಲ್ಲಿ ಅಂಥ ಭರವಸೆಯೇ ಇಲ್ಲವಲ್ಲ. ಕೇಳುವವರು ಮಾತ್ರ ಅದನ್ನು “ಬಿಳುಪು” ಎಂದೇ ಕೇಳಿಸಿಕೊಳ್ಳುತ್ತಾರೆ.

ಒಂದು ನೆನಪು. 1994ರಿಂದ 2000ದ ನಡುವೆ ನಮ್ಮ ದೇಶದ ಹುಡುಗಿಯರಿಗೆ ವಿಶ್ವಸುಂದರಿ, ಭುವನಸುಂದರಿ ಕಿರೀಟಗಳು ಒಟ್ಟು ಆರು ಬಂದವು. 1991ರಲ್ಲಿ ಮಾರುಕಟ್ಟೆ ತೆರೆದು ಹೊರಗಿನ ಕಂಪನಿಗಳು ಒಳಬರುತ್ತಿದ್ದ ಕಾಲ. 1996ರಲ್ಲಿ ಬೆಂಗಳೂರಿನಲ್ಲೇ ಮಿಸ್ ವರ್ಲ್ಡ್ ನಡೆದಾಗ ಎಡದವರೂ ಬಲದವರೂ ಬೇರೆಬೇರೆ ಕಾರಣಕ್ಕೆ ಬೀದಿಗಿಳಿದರು. ಈಜುಡುಗೆ ಸುತ್ತನ್ನು ಸೇಶೆಲ್ಸ್‌ಗೆ ಒಯ್ದರು. ನಾನಾಗ ಹೈಸ್ಕೂಲು. ಈಜುಡುಗೆಯ ಬಗ್ಗೆ ಎಷ್ಟೊಂದು ಕೂಗು ಕೇಳಿತು. ಆ ಕಿರೀಟಗಳ ಹಿಂದೆಯೇ ನಮ್ಮ ಬೀದಿಯ ಅಂಗಡಿಗೆ ಬಂದು ಕೂತ ಡಬ್ಬಿಗಳ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿದ್ದು ನೆನಪಿಲ್ಲ.

—

ಲೈನ್ ಮನೇಲಿ ಬೆಳೆದವನು, ಆಲ್ದೂರು

ಪಾರ್ಲರ್ ಅಕ್ಕ, ನಿಮ್ಮ ಮಾತು ಮನಸ್ಸಿಗೆ ತಾಗಿತು. ನಮ್ಮವ್ವನೂ ಭಾನುವಾರ ಸಂತೆಗೆ ಹೋಗುವಾಗ ಮುಖಕ್ಕೆ ಪೌಡರ್ ಹಾಕಿ, ಕೆಂಪು ಬಳೆ ಹಾಕ್ಕೊಂಡು ಹೋಗೋಳು. ಅದು ಅವಳ ದಿನ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

—

ಫ್ಯಾನ್ಸಿ ಅಂಗಡಿಯಾಕೆ, ಮೂಡಿಗೆರೆ

ಎಲ್ಲರಿಗೂ ಕೈ ಮುಗೀತೀನಿ. ನರ್ಸ್ ಮೇಡಂ ಹೇಳಿದ ಹಾಗೆ ನಿನ್ನೆ ರಾತ್ರಿ ಅಂಗಡಿ ಮುಚ್ಚಿ ಒಂದೊಂದೇ ಡಬ್ಬಿ ತಿರುಗಿಸಿ ಓದಿದೆ. ವಿಳಾಸ ಇಲ್ಲದ ಕ್ರೀಮು ಏಳು ಡಬ್ಬಿ ಇತ್ತು. ಒಬ್ಬ ಬ್ಯಾಗಿನವನು ತಂದು ಕೊಟ್ಟು ಹೋಗಿದ್ದು, ಲಾಭ ಜಾಸ್ತಿ ಅಂತ ಇಟ್ಟಿದ್ದೆ. ತೆಗೆದು ಒಂದು ಕವರಿಗೆ ಹಾಕಿ ಕಟ್ಟಿಟ್ಟಿದ್ದೀನಿ. ಹತ್ತು ರೂಪಾಯಿ ಪ್ಯಾಕೆಟ್ ತೆಗೆದಿಲ್ಲ. ಸರವನ್ನ ಕೌಂಟರ್ ಪಕ್ಕದಿಂದ ತೆಗೆದು ಒಳಗಿನ ಗೂಟಕ್ಕೆ ಹಾಕಿದ್ದೀನಿ, ಕೇಳಿದವರಿಗೆ ಮಾತ್ರ ಕೊಡ್ತೀನಿ. ಕನ್ನಡಿ ಕಿತ್ತು ಹಾಕೋಣ ಅಂತ ಹೋದೆ, ಮನಸ್ಸು ಬರಲಿಲ್ಲ. ಸ್ಟಿಕ್ಕರ್ ಇಟ್ಟು ನೋಡೋಕೆ, ಓಲೆ ಹಾಕಿ ನೋಡೋಕೆ ಹೆಂಗಸರಿಗೆ ಕನ್ನಡಿ ಬೇಕು. ಮೇಲಿನ ಮಾಡೆಲ್ ಮುಖವನ್ನ ಬಿಸಿನೀರು ಹಾಕಿ ಕೆರೆದೆ. ಅರ್ಧ ಬಂತು, ಅರ್ಧ ಅಂಟು ಉಳಿದಿದೆ.

ಹುಡುಗಿಯ ಅಮ್ಮನ ಹತ್ತಿರ ಮಾತಾಡಿದೆ. ಮೊದಲು ಹೆದರಿದರು, “ಆಸ್ಪತ್ರೆಗೆ ಹೋದ್ರೆ ಹುಡುಗಿಗೆ ಏನೋ ರೋಗ ಅಂತ ಗಂಡಿನ ಕಡೆಯವರಿಗೆ ಸುದ್ದಿ ಹೋಗುತ್ತೆ” ಅಂತ. ನಾನೂ ಜೊತೆಗೆ ಬರ್ತೀನಿ, ಹಾಸನದಲ್ಲಿ ನಿಮ್ಮನ್ನ ಯಾರು ಗುರುತಿಸ್ತಾರೆ ಅಂದೆ. ಒಪ್ಪಿದ್ದಾರೆ. ಆ ಟ್ಯೂಬನ್ನ ಇವತ್ತಿಂದಲೇ ನಿಲ್ಲಿಸಿಬಿಡಲಾ ಮೇಡಂ?

—

ಚರ್ಮರೋಗ ವಾರ್ಡಿನ ನರ್ಸ್, ಹಾಸನ

ಅಕ್ಕ, ನೀವಾಗೇ ಏನೂ ತೀರ್ಮಾನ ಮಾಡಬೇಡಿ. ತುಂಬ ದಿನ ಹಚ್ಚಿ ಒಂದೇ ಸಲ ಬಿಟ್ರೆ ಕೆಂಪು, ಉರಿ ಇನ್ನೂ ಏರುತ್ತೆ. ಆ ಉರಿ ತಾಳದೆ ಹುಡುಗೀರು ಮತ್ತೆ ಅದೇ ಟ್ಯೂಬಿಗೆ ಹೋಗ್ತಾರೆ. ಹೇಗೆ ಇಳಿಸಬೇಕು ಅಂತ ಡಾಕ್ಟರ್ ಹೇಳ್ತಾರೆ, ಅದಕ್ಕೇ ತಡ ಮಾಡದೆ ನಾಳೆ ನಾಡಿದ್ದರಲ್ಲೇ ಬನ್ನಿ. ಖಾಲಿಯಾಗಿದ್ರೂ ಸರಿ, ಆ ಟ್ಯೂಬು, ಅದರ ಡಬ್ಬಿ ಎರಡನ್ನೂ ತನ್ನಿ. ಒಳಗೇನಿತ್ತು ಅಂತ ಓದಬೇಕು. ಎಷ್ಟು ತಿಂಗಳಿಂದ ಹಚ್ಚಿದ್ದಾಳೆ ಅಂತ ನಿಜ ಹೇಳಲಿ, ಬೈಯಲ್ಲ ಅಂತ ಹೇಳಿ. ಬರೋವಾಗ ಬಿಸಿಲು ತಾಗದ ಹಾಗೆ ತಲೆ ಮೇಲೆ ವೇಲ್ ಇರಲಿ. ಬೇರೆ ಏನೂ ಹಚ್ಚಬೇಡಿ. ಅರಿಶಿನ, ಕಡ್ಲೆಹಿಟ್ಟು, ನಿಂಬೆಹಣ್ಣು ಯಾವುದೂ ಬೇಡ.

—

ಫ್ಯಾನ್ಸಿ ಅಂಗಡಿಯಾಕೆ, ಮೂಡಿಗೆರೆ

ಆಯ್ತು ಮೇಡಂ. ನಾಡಿದ್ದು ಬೆಳಗ್ಗೆ ಮೊದಲ ಬಸ್ಸಿಗೆ ಮೂರೂ ಜನ ಹೊರಡ್ತೀವಿ. ಟ್ಯೂಬು ಅವಳ ಹತ್ತಿರಾನೇ ಇದೆ, ತರ್ತಾಳೆ.